ಸಿಸ್ಟರಮ್ಮನ ಮಲಗುವ ಕೋಣೆಗೆ ಪರದೆ

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಮಕ್ಕಳ ಮೈ ಕಾದರೆ, ಮುದುಕರಿಗೆ ತಲೆಸುತ್ತು ಬಂದರೆ, ಯಾರದೋ ಅಂಗಾಲಿಗೆ ಗಾಜಿನ ಚೂರು ಹೊಕ್ಕರೆ, ಎಲ್ಲರೂ ಓಡಿ ಬಂದು ಬಾಗಿಲು ತಟ್ಟುತ್ತಿದ್ದುದು "ಸಿಸ್ಟರಮ್ಮಾ" ಎಂದೇ. ಸ್ವಂತ ಅತ್ತೆಯೂ ನೆರೆಯವರ ಮುಂದೆ "ನಮ್ಮ ಸಿಸ್ಟರಮ್ಮ" ಎನ್ನುತ್ತಿದ್ದರು. ಬೈಯುವಾಗ ಮಾತ್ರ ಅವಳು ಸೊಸೆಯಾಗುತ್ತಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆದವರ ವಾರ್ಡು ಅವಳದು. ಅರ್ಧ ಆಯುಷ್ಯ ನೈಟ್ ಡ್ಯೂಟಿಯಲ್ಲೇ ಕಳೆದಿತ್ತು. ರಾತ್ರಿ ದುಡಿದರೆ ಹಗಲು ಮಗಳಿಗೂ ಮನೆಗೂ ಸಿಗಬಹುದು ಎಂದು ಅವಳೇ ಕೇಳಿ ಹಾಕಿಸಿಕೊಂಡದ್ದು. ಹಾಗಾಗಿ ನಿದ್ದೆಯನ್ನು ಅವಳು ಎಂದೂ ಹಾಸಿಗೆಯಲ್ಲಿ ಹುಡುಕಿದವಳಲ್ಲ. ಸಿಕ್ಕಿದಲ್ಲಿ ಸಿಕ್ಕಷ್ಟು ಬಾಚಿಕೊಂಡವಳು. ಬಸ್ಸಿನ ಕಿಟಕಿಗೆ ತಲೆ ಆನಿಸಿ, ಕುಕ್ಕರಿನ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ, ಮಗಳ ಶಾಲೆಯ ಮೀಟಿಂಗಿನಲ್ಲಿ ಹಿಂದಿನ ಬೆಂಚಿನ ಮೇಲೆ. ಒಮ್ಮೆ ನಾದಿನಿಯ ಮದುವೆಯಲ್ಲಿ ಫೋಟೊಗೆ ನಿಂತವಳು ನಿಂತಲ್ಲೇ ನಿದ್ದೆಹೋಗಿದ್ದಳು. ಆ ಫೋಟೊ ಈಗಲೂ ನಡುಮನೆಯ ಗೋಡೆಯ ಮೇಲಿದೆ. ನೋಡಿದವರು, ಎಷ್ಟು ಶಾಂತವಾದ ಮುಖ ಎನ್ನುತ್ತಾರೆ.

ಮಗಳು ಮದುವೆಯಾಗಿ ಹೋದ ಮೇಲೆ ಅವಳ ಕೋಣೆ ಖಾಲಿಯಾಯಿತು. ಅಷ್ಟು ವರ್ಷ ನಡುಮನೆಯಲ್ಲಿ ಚಾಪೆ ಬಿಡಿಸಿ ಮಲಗುತ್ತಿದ್ದ ಗಂಡ ಹೆಂಡತಿ ಆ ಕೋಣೆಗೆ ಮಂಚ ಹಾಕಿಸಿಕೊಂಡರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಸ್ಪತ್ರೆಯವರು, ವಯಸ್ಸಾಯಿತು, ಇನ್ನು ನೈಟ್ ಬೇಡ ಎಂದು ಅವಳನ್ನು ಹಗಲಿನ ಪಾಳಿಗೆ ಹಾಕಿದರು. ಮಲಗುವ ಕೋಣೆ ಎಂಬುದೊಂದು ಸಿಕ್ಕಿತು, ನಿದ್ದೆ ಎಂಬುದು ಹಾರಿಹೋಯಿತು. ಹಗಲೆಲ್ಲ ಕಣ್ಣು ಎಳೆಯುತ್ತಿತ್ತು. ಹಾಸಿಗೆಗೆ ಬೆನ್ನು ತಾಗಿದ್ದೇ ತಡ, ಯಾರೋ ಗಂಟೆ ಬಾರಿಸಿದವರಂತೆ ಎಚ್ಚರವಾಗುತ್ತಿತ್ತು.

ಒಂದು ದಿನ ರೌಂಡ್ಸಿನಲ್ಲಿ ಗಾಯದ ಪಟ್ಟಿ ಬಿಚ್ಚುತ್ತಿದ್ದವಳು ತೂಕಡಿಸಿ ಮುಂದಕ್ಕೆ ವಾಲಿದಳು. ದೊಡ್ಡ ಡಾಕ್ಟರು ಭುಜ ಹಿಡಿದು ನಿಲ್ಲಿಸಿದರು.

"ಏನ್ ಸಿಸ್ಟರ್, ಪೇಷೆಂಟ್ ಮೇಲೇ ಮಲಗೋ ಹಾಗಿದೀರಲ್ಲ?"

ಅವಳು ಇದ್ದದ್ದನ್ನು ಹೇಳಿದಳು.

"ಮಾತ್ರೆಗೀತ್ರೆ ಏನೂ ಬೇಡ. ಮಲಗೋ ಕೋಣೆ ಮೊದಲು ಸರಿ ಮಾಡ್ಕೊಳ್ಳಿ. ಕಿಟಕಿಗೆ ಏನ್ ಹಾಕಿದೀರ?"

"ಹಳೇ ಬೆಡ್‌ಶೀಟು ಸರ್. ಮೊಳೆ ಹೊಡೆದು ಕಟ್ಟಿದೀವಿ."

"ಅದನ್ನ ಕಿತ್ತು ಬಿಸಾಕಿ. ಮೆತ್ತಗಿರೋ ಬಟ್ಟೆದು, ಕಣ್ಣಿಗೆ ಹಿತವಾಗಿರೋ ಬಣ್ಣದ್ದು, ಒಂದು ಒಳ್ಳೆ ಪರದೆ ಹಾಕ್ಸಿ. ಬಣ್ಣ ನೋಡಿದ್ರೇನೆ ಮನಸ್ಸಿಗೆ ಸಮಾಧಾನ ಆಗ್ಬೇಕು."

ಕಣ್ಣಿಗೆ ಹಿತವಾದ ಬಣ್ಣ. ಬಸ್ಸಿನಲ್ಲಿ ಮನೆಯವರೆಗೂ ಅವಳು ಅದನ್ನೇ ಯೋಚಿಸಿದಳು. ಯಾವುದದು? ಯಾವ ರೋಗಿಗೆ ಯಾವ ಹೊತ್ತಿಗೆ ಯಾವ ಮಾತ್ರೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳಿಗೆ, ತನಗೆ ಯಾವ ಬಣ್ಣ ಹಿತ ಎಂದು ಹೇಳಲು ನಾಲಿಗೆ ಏಳಲಿಲ್ಲ. ಸೀರೆ ಅಂಗಡಿಯಲ್ಲಿ ಬಣ್ಣ ಆರಿಸುತ್ತಿದ್ದುದು ಅತ್ತೆ. ಗೋಡೆಯ ಸುಣ್ಣದ ಬಣ್ಣ, ಕಂಟ್ರಾಕ್ಟರನ ಬಳಿ ಉಳಿದಿದ್ದದ್ದು. ಡ್ಯೂಟಿಗೆ ಹೇಗೂ ಬಿಳಿ.

ಮನೆಯಲ್ಲಿ ವಿಷಯ ತೆಗೆದಳು. ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆ ತಲೆಯೆತ್ತಲೂ ಇಲ್ಲ.

"ಹಸಿವು ರುಚಿ ಕಾಣದು, ನಿದ್ದೆ ಸುಖ ಕಾಣದು ಅಂತಾರೆ. ನಮ್ಮ ಕಾಲದಲ್ಲಿ ಕಿಟಕಿನೇ ಇರ್ಲಿಲ್ಲ, ಇನ್ನು ಪರದೆ ಎಲ್ಲಿಂದ ಬರ್ಬೇಕು? ಹಾಕ್ಸೋದೇ ಆದ್ರೆ ಮಣ್ಣಿನ ಬಣ್ಣದ್ದು ಹಾಕ್ಸು. ಕೊಳೆ ಕಾಣಲ್ಲ."

ಫೋನಿನಲ್ಲಿ ಮಗಳು, "ತಿಳಿ ನೀಲಿ ಹಾಕ್ಸಮ್ಮ, ಈಗ ಎಲ್ಲಾರೂ ಅದನ್ನೇ ಹಾಕಿಸ್ತಿರೋದು. ಆಕಾಶದ ಕೆಳಗೆ ಮಲಗಿದ ಹಾಗಿರುತ್ತೆ," ಎಂದಳು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವಿಡೀ ಬೇರೆಯವರನ್ನು ಮೇಲಕ್ಕೂ ಕೆಳಕ್ಕೂ ಕಳಿಸಿ ತಾನು ಮಾತ್ರ ಇದ್ದಲ್ಲೇ ಇರುವ ಸಮಾಧಾನಿ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ, "ನಿಂಗೆ ಯಾವುದಿಷ್ಟಾನೋ ಅದೇ ಹಾಕ್ಸು," ಎಂದ.

ಮೂವರಲ್ಲಿ ಅವಳನ್ನು ತೀರಾ ಕಂಗೆಡಿಸಿದ್ದು ಇವನ ಮಾತೇ.

"ಅದು ಗೊತ್ತಿದ್ದಿದ್ರೆ ನಿಮ್ಮನ್ನ ಯಾಕ್ರೀ ಕೇಳ್ತಿದ್ದೆ?"

"ಅಂಗಡಿಗೆ ಹೋಗಿ ನೋಡು. ನೋಡಿದ ತಕ್ಷಣ ಮನಸ್ಸೇ ಹೇಳುತ್ತೆ."

ರಜೆಯ ದಿನ ಹೋದಳು. ಮುಖ್ಯ ರಸ್ತೆಯಲ್ಲಿ ಎರಡು ಔಷಧದ ಅಂಗಡಿಗಳ ನಡುವೆ ಸಿಕ್ಕಿಕೊಂಡಂತಿದ್ದ ಪರದೆ ಅಂಗಡಿ. ಮಾಲೀಕ ಬಾಯಿ ತುಂಬ ನಗುವ ದುಂಡನೆಯ ಮನುಷ್ಯ.

"ಬನ್ನಿ ಮೇಡಂ! ಬೆಡ್‌ರೂಮಿಗಾ? ಸಾಫ್ಟಾಗಿರ್ಬೇಕು, ಅಲ್ವಾ? ನೋಡಿ ಇದು," ಎಂದು ಒಂದು ಥಾನನ್ನು ಕೌಂಟರಿನ ಮೇಲೆ ಉರುಳಿಸಿದ. ಎಳೆ ಹಸಿರು, ಚಿಗುರಿನ ಬಣ್ಣ.

ಅವಳು ಮುಟ್ಟಿದಳು. ಬಟ್ಟೆ ಮೆತ್ತಗಿತ್ತು. ಆದರೆ ಎಲ್ಲಿಂದಲೋ ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರಿದಂತಾಯಿತು. ಇದು ಆಪರೇಷನ್ ಥಿಯೇಟರಿನ ಹಸಿರು. ಟ್ರಾಲಿಯ ಮೇಲೆ ಹೊದಿಸುವುದು ಇದನ್ನೇ.

"ಬೇರೆ ತೋರ್ಸಿ."

ಅವನು ನಸುಗುಲಾಬಿ ತೆಗೆದ. "ಮಗು ಕೆನ್ನೆ ಇದ್ದ ಹಾಗಿದೆ ನೋಡಿ."

ಮಕ್ಕಳ ವಾರ್ಡು. ಸೂಜಿ ಕಂಡರೆ ಕಿರಿಚುವ ಕೂಸುಗಳು.

ಕೆನೆ ಬಣ್ಣ ತೆಗೆದ. ಅದು ಐ.ಸಿ.ಯು. ಹೊರಗಿನ ಕಾರಿಡಾರಿನ ಗೋಡೆ; ಅದಕ್ಕೆ ಒರಗಿ ಕೂತವರ ಎಣ್ಣೆ ತಲೆಗಳ ಗುರುತು ಸಮೇತ ಕಣ್ಣಿಗೆ ಬಂತು. ತಿಳಿ ನೇರಳೆ ತೆಗೆದ. ಅದು ಹೋದ ವರ್ಷ ಬಣ್ಣ ಬಳಿದ ಸ್ಪೆಷಲ್ ರೂಮುಗಳದು.

ಥಾನಿನ ಮೇಲೆ ಥಾನು ಬಿದ್ದು ಕೌಂಟರು ತುಂಬಿತು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನಸ್ಸಿಗೆ ಸಮಾಧಾನ ಕೊಡುವ ಬಣ್ಣಗಳು ಅಂತ ಲೋಕದಲ್ಲಿ ಯಾವುವಿವೆಯೋ ಅವನ್ನೆಲ್ಲ ಆಸ್ಪತ್ರೆಯವರು ಮೊದಲೇ ಗುತ್ತಿಗೆ ಹಿಡಿದುಬಿಟ್ಟಿದ್ದರು.

"ಮೇಡಂ, ನಿಮ್ಮ ಮನಸ್ಸಲ್ಲಿ ಇರೋದಾದ್ರೂ ಏನು ಹೇಳ್ಬಿಡಿ," ಎಂದ ಮಾಲೀಕ ಹಣೆ ಒರೆಸಿಕೊಳ್ಳುತ್ತ.

"ಅದೇ ಗೊತ್ತಾಗ್ತಿಲ್ಲಪ್ಪ."

ಕೊನೆಗೆ ಮಗಳ ಮಾತು ನೆನೆದು ತಿಳಿ ನೀಲಿಯನ್ನೇ ಕೇಳಿದಳು. ಅದು ಅವಳ ಸ್ವಂತ ವಾರ್ಡಿನ ಬಣ್ಣ. ಹಾಸಿಗೆ ಹಾಸಿಗೆಯ ಸುತ್ತ ಇಳಿಬಿಟ್ಟ ಪರದೆಗಳು ಅಚ್ಚು ಅಂಥವೇ. ಆದರೂ ಬೇರೆಯವೆಲ್ಲ ಪರರ ವಾರ್ಡು, ಇದಾದರೆ ನಮ್ಮದು ಎಂದು ಸಮಾಧಾನ ಹೇಳಿಕೊಂಡಳು. ಕಿಟಕಿಗೆ ಹಿಡಿದು ನೋಡಿ ವಾಪಸು ತನ್ನಿ ಎಂದು ಮಾಲೀಕ ದೊಡ್ಡದೊಂದು ತುಂಡನ್ನೇ ಕೊಟ್ಟು ಕಳಿಸಿದ. ಅವಳು ಅಂಗಡಿ ಬಿಟ್ಟು ಹೋದರೆ ಸಾಕಾಗಿತ್ತೋ ಏನೋ.

ಮಧ್ಯಾಹ್ನದ ಊಟವಾದ ಮೇಲೆ ಅದನ್ನು ಕಿಟಕಿಗೆ ಸಿಕ್ಕಿಸಿ ಗಂಡನ ಪಕ್ಕ ಅಡ್ಡಾದಳು. ಕೋಣೆಯೆಲ್ಲ ತಣ್ಣನೆಯ ನೀಲಿ. ಜೊಂಪು ಹತ್ತಿತು. ಹತ್ತಿದ್ದೇ, ಯಾರೋ ನರಳಿದಂತಾಗಿ ದಡಬಡಿಸಿ ಎದ್ದಳು. ಕಣ್ಣು ಪೂರ್ತಿ ಬಿಡುವ ಮೊದಲೇ ಕೈ ಪಕ್ಕದ ಮಣಿಕಟ್ಟು ಹಿಡಿದಿತ್ತು. ತುಟಿ ನಾಡಿ ಎಣಿಸುತ್ತಿತ್ತು.

ಗಂಡ ಒಂದು ಕಣ್ಣು ತೆರೆದ. "ಇದೀನಿ ಕಣೇ. ಸತ್ತಿಲ್ಲ."

"ನರಳಿದಿರಲ್ಲ?"

"ಗೊರಕೆ ಹೊಡೆದೆ. ಅದಕ್ಕೂ ಪರ್ಮಿಷನ್ ಬೇಕಾ?"

ಅವಳು ನಾಚಿ ಕೈಬಿಟ್ಟಳು. ನಾಡಿ ಸರಿಯಾಗೇ ಇತ್ತು ಎಂಬುದನ್ನು ಮಾತ್ರ ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಮರುವಾರ ನೀಲಿಯನ್ನು ಹಿಂದಕ್ಕೆ ಕೊಟ್ಟು, ಗಟ್ಟಿ ಮನಸ್ಸು ಮಾಡಿ, "ಆಸ್ಪತ್ರೆಯಲ್ಲಿ ಎಲ್ಲೂ ಇಲ್ಲದ ಬಣ್ಣ ಯಾವುದಿದ್ರೂ ಕೊಡಿ," ಎಂದಳು. ಮಾಲೀಕ ಬೆರಗಾಗಿ ಅವಳನ್ನೇ ನೋಡಿದ. ಆಮೇಲೆ ಮೇಲಿನ ಅಟ್ಟದಿಂದ, ಯಾರೂ ಕೇಳದೆ ಧೂಳು ಹಿಡಿದಿದ್ದ ಒಂದು ಥಾನು ಇಳಿಸಿದ. ಸುಟ್ಟ ಇಟ್ಟಿಗೆಯ ಕೆಂಪು. ಅವಳ ಎದೆ ಹಗುರಾಯಿತು. ನಿಜ, ಇದನ್ನು ಅವಳು ಯಾವ ವಾರ್ಡಿನಲ್ಲೂ ಕಂಡಿರಲಿಲ್ಲ.

ಅದನ್ನೂ ತಂದು ಕಟ್ಟಿದಳು. ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡರು. "ಏನೇ ಇದು, ನಾಟಕದ ಕಂಪನಿ ಇಳಿದಿದೆಯಾ ಮನೇಲಿ? ಗಂಟೆ ಯಾವಾಗ ಹೊಡೀತಾರೆ?"

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಆ ಕಿಟಕಿ ಮೂಡಣಕ್ಕೆ ತೆರೆದದ್ದು. ಬೆಳಿಗ್ಗೆ ಬಿಸಿಲು ಬಿದ್ದದ್ದೇ ತಡ, ಕೋಣೆಯೆಲ್ಲ ಕೆಂಡದ ಒಲೆಯಾಯಿತು. ಕಣ್ಣು ಬಿಟ್ಟರೆ ಗಂಡನ ಮುಖ ಕೆಂಪು ಕೆಂಪು, ಕೆನ್ನೆ ಧಗಧಗ. "ಅಯ್ಯೋ, ಜ್ವರ!" ಎಂದು ಹಣೆ ಮುಟ್ಟಿದಳು, ತಣ್ಣಗಿತ್ತು. ಕತ್ತು ಮುಟ್ಟಿದಳು, ತಣ್ಣಗಿತ್ತು. ಕೈ ನಂಬಬೇಕೋ ಕಣ್ಣು ನಂಬಬೇಕೋ ತಿಳಿಯದೆ ಥರ್ಮಾಮೀಟರು ತಂದಳು.

ಗಂಡ ಅದನ್ನು ಬಾಯಲ್ಲಿಟ್ಟುಕೊಂಡೇ ತೊದಲಿದ: "ನಿಂಗೆ ಪರದೆ ಅಲ್ಲ ಕಣೇ, ರಜ ಬೇಕಾಗಿರೋದು."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು ಅವಳ ಪಾಡು. ಹಳೆಯ ಬೆಡ್‌ಶೀಟನ್ನೇ ಮತ್ತೆ ಕಟ್ಟೋಣವೆಂದರೆ ಅತ್ತೆ ಅದನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಿದ್ದರು.

ಇಟ್ಟಿಗೆಗೆಂಪನ್ನು ಬಗಲಿಗೇರಿಸಿಕೊಂಡು ಅಂಗಡಿಗೆ ಹೋದಾಗ ಮಾಲೀಕನ ನಗು ಅರ್ಧಕ್ಕಿಳಿದಿತ್ತು. ಕೌಂಟರಿನ ಬಳಿ ಆಗಲೇ ಒಬ್ಬ ಗಿರಾಕಿ ನಿಂತಿದ್ದ. ಖಾಕಿ ಅಂಗಿ, ಟೆಂಪೋ ಓಡಿಸುವವನಿರಬೇಕು. ಬೆರಳಿನಲ್ಲಿ ಗಾಡಿಯ ಕೀಲಿ ಆಡಿಸುತ್ತಿದ್ದ. ಅವನ ಮುಂದೆ ಬಿದ್ದಿದ್ದದ್ದು ಅವಳು ಬೇಡವೆಂದಿದ್ದ ತಿಳಿ ನೀಲಿ.

ಅವನು ತಿರುಗಿ ನೋಡಿದವನೇ ಕೈಮುಗಿದ. "ಸಿಸ್ಟರ್! ಗುರುತು ಸಿಕ್ಕಿತಾ?"

ಅವಳಿಗೆ ಸಿಗಲಿಲ್ಲ. ಎಷ್ಟೋ ಮುಖಗಳು ಬಂದು ಹೋಗಿದ್ದವು. "ಮುಖ ನೆನಪಿರಲ್ಲಪ್ಪ. ಏನಾಗಿತ್ತು?" ಎಂದಳು.

ಅವನು ಸಂಕೋಚವಿಲ್ಲದೆ ಪ್ಯಾಂಟನ್ನು ಮಂಡಿಯವರೆಗೆ ಮಡಚಿ ಕಾಲು ಚಾಚಿದ. ಮಂಡಿಯಿಂದ ಹರಡಿನತನಕ ಓಡಿದ ಹೊಲಿಗೆಯ ಗೆರೆ, ಮಧ್ಯೆ ಒಂದು ಕಡೆ ಸೊಟ್ಟ.

"ಓ! ಮೂಲೆ ಹಾಸಿಗೆ! ಪ್ಲೇಟು ಹಾಕಿದ ಕಾಲು! ಊಟ ಬೇಡ ಅಂತ ತಟ್ಟೆ ತಳ್ಳಿದವನು ನೀನೇ ಅಲ್ವೇನೋ?" ಎಂದಳು ಅವಳು, ಹಳೇ ನೆಂಟ ಸಿಕ್ಕಿದಂತೆ. ಬಗ್ಗಿ ಗೆರೆಯನ್ನು ಬೆರಳಿನಿಂದ ಒತ್ತಿಯೂ ನೋಡಿದಳು. "ಚೆನ್ನಾಗಿ ಕೂಡಿದೆ. ಈಗ ನೋವಿಲ್ಲ ತಾನೆ?"

"ಇಲ್ಲ ಸಿಸ್ಟರ್. ನಿದ್ದೆನೂ ಚೆನ್ನಾಗಿ ಬರುತ್ತೆ. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ನಿದ್ದೆನೇ ಬರ್ತಿರ್ಲಿಲ್ಲ ನಂಗೆ. ಆಮೇಲೆ ಇದೇ ಬಣ್ಣದ ಪರದೆ ಹಾಕಿಸ್ದೆ. ಈಗ ಹೊಸ ಮನೆಗೂ ಬೇಕು ಅಂತ ಬಂದೆ."

"ಇದೇ ಬಣ್ಣಾನಾ? ಇದು ಆಸ್ಪತ್ರೆ ಬಣ್ಣ ಅಲ್ವೇನೋ?"

"ಅದಕ್ಕೇ ಅಲ್ವಾ! ನೀವು ಡ್ರೆಸ್ಸಿಂಗ್ ಮುಗಿಸಿ ಪರದೆ ಎಳೆದು, 'ಇನ್ನ ಯಾರೂ ಬರಲ್ಲ, ಮಲಕ್ಕೋ' ಅಂತಿದ್ರಿ. ಆ ಒಂದು ಮಾತಿಗೆ ದಿನವೆಲ್ಲ ಕಾಯ್ತಿದ್ದೆ. ಪರದೆ ಎಳೆದ ಮೇಲೆ ಒಳಗೆಲ್ಲ ನೀಲಿ ನೀಲಿ. ನೋವು ಹೊರಗೇ ನಿಂತಂಗೆ ಇರ್ತಿತ್ತು."

ಅವನು ಬಟ್ಟೆ ಕಟ್ಟಿಸಿಕೊಂಡು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ತನ್ನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸುವ ಬಣ್ಣವೇ ಅವನನ್ನು ಜೋಗುಳ ಹಾಡಿ ಮಲಗಿಸುತ್ತಿತ್ತು. ಯಾರು ಹೇಳಿದ್ದು ಸರಿ? ಒಂದೇ ಬಟ್ಟೆ ಎರಡು ಥರ ಇರುವುದು ಹೇಗೆ?

"ಮೇಡಂ, ಏನ್ ಕೊಡ್ಲಿ?" ಎಂದ ಮಾಲೀಕ.

"ಏನೂ ಬೇಡ. ನಾಳೆ ಬರ್ತೀನಿ."

ಮಾರನೆಯ ದಿನ ವಾರ್ಡಿನಲ್ಲಿ ಊಟದ ತಟ್ಟೆಗಳು ಹಿಂದಕ್ಕೆ ಹೋಗಿ ಗದ್ದಲ ಅಡಗಿತ್ತು. ಮೂಲೆಯ ಹಾಸಿಗೆಯವನು ಬೆಳಿಗ್ಗೆ ಡಿಸ್ಚಾರ್ಜಾಗಿ, ಅಲ್ಲಿ ಒಗೆದ ಬೆಡ್‌ಶೀಟು ಬಿಗಿಯಾಗಿ ಹಾಸಿತ್ತು. ಸಿಸ್ಟರಮ್ಮ ಆ ಹಾಸಿಗೆಯನ್ನು ದಾಟಿ ಹೋದಳು, ಮತ್ತೆ ಬಂದಳು. ಅಷ್ಟು ವರ್ಷ ಆ ಪರದೆಗಳನ್ನು ಎಳೆದಿದ್ದಳು. ಎಳೆದು ಹೊರಗೆ ಬಂದಿದ್ದಳು. ಒಳಗೆ ಮಲಗಿ ಎಂದೂ ನೋಡಿರಲಿಲ್ಲ.

ಆಯಾ ಕಸದ ಬುಟ್ಟಿ ಎತ್ತುತ್ತಿದ್ದಳು. ವಯಸ್ಸಿನಲ್ಲಿ ಸಿಸ್ಟರಮ್ಮನಿಗಿಂತ ಹಿರಿಯಳು.

"ಆಯಮ್ಮಾ, ನಾನು ಇಲ್ಲಿ ಒಂದು ಚೂರು ಮಲಗ್ತೀನಿ. ಪರದೆ ಎಳೀತೀರಾ?"

"ಯಾಕ್ರಮ್ಮಾ, ಮೈ ಹುಷಾರಿಲ್ವಾ?"

"ಹುಷಾರಾಗಿದೀನಿ. ಏನೋ ನೋಡ್ಬೇಕಿತ್ತು. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಏಳ್ತೀನಿ."

ಆಯಾ ಹಣೆಗೆ ಕೈ ತಟ್ಟಿಕೊಂಡರೂ ಪರದೆ ಎಳೆದಳು. ಉಂಗುರಗಳು ಕಂಬಿಯ ಮೇಲೆ ಸರ್ರನೆ ಹರಿದವು. "ಮಲಕ್ಕೊಳ್ಳಿ, ನಾನು ಇಲ್ಲೇ ಇರ್ತೀನಿ," ಎಂದಿತು ಹೊರಗಿನಿಂದ ಅವಳ ದನಿ.

ಸಿಸ್ಟರಮ್ಮ ಚಪ್ಪಲಿ ಜೋಡಿಸಿಟ್ಟು ಅಂಗಾತ ಮಲಗಿದಳು. ಮೊದಲು ಕಂಡದ್ದು ಚಾವಣಿ. ಅಲ್ಲಿ ಒಂದು ಬಿರುಕಿತ್ತು. ಇಷ್ಟು ವರ್ಷಗಳಲ್ಲಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಸುತ್ತಲೂ ನೀಲಿ, ಕಿಟಕಿಯ ಕಡೆಯಿಂದ ಬೆಳಕು ಹೊಕ್ಕ ಕಡೆ ತುಸು ಹೆಚ್ಚು ತಿಳಿ. ಹೊರಗೆ ಟ್ರಾಲಿ ಗಡಗಡ ಹೋಯಿತು. ಯಾರೋ ಕೆಮ್ಮಿದರು. ಆಯಾ ಯಾರಿಗೋ, "ಬಂದೆ ಇರಿ, ನೀರು ತಾನೆ?" ಎಂದಳು. ಕೆಮ್ಮಿಗೆ ಏಳಬೇಕಾದವಳು ತಾನಲ್ಲ ಎಂಬುದು ಅವಳಿಗೆ ವಿಚಿತ್ರವಾಗಿ ತೋರಿತು. ಇದು ಹಿತವೋ ಅಹಿತವೋ, ನೋಡೋಣ, ಇನ್ನೊಂದು ಗಳಿಗೆ ನೋಡೋಣ ಎಂದುಕೊಳ್ಳುತ್ತಿರುವಾಗಲೇ ಕಣ್ಣೆವೆಗಳು ಕೂಡಿದವು.

ಅವಳು ಮಲಗಿದ್ದು ಹೇಗಿತ್ತೆಂದರೆ, ಪಕ್ಕದಲ್ಲಿ ಗುಂಡು ಹಾರಿಸಿದ್ದರೂ ಏಳುತ್ತಿರಲಿಲ್ಲ. ಆಯಾ ಸ್ಟೂಲು ಎಳೆದುಕೊಂಡು ಕಾವಲು ಕೂತಳು. ಕೇಳಿದವರಿಗೆಲ್ಲ, "ಒಳಗೆ ಡ್ರೆಸ್ಸಿಂಗ್ ನಡೀತಾ ಇದೆ," ಎಂದಳು. ಹೊತ್ತು ಸರಿದಂತೆ ಆ ಡ್ರೆಸ್ಸಿಂಗು ಮುಗಿಯುವ ಲಕ್ಷಣ ಕಾಣಲಿಲ್ಲ.

ಸಂಜೆಯ ರೌಂಡ್ಸಿಗೆ ದೊಡ್ಡ ಡಾಕ್ಟರು ಬಂದರು, ಜೊತೆಗೆ ಕಿರಿಯ ನರ್ಸು. ಆಯಾ ಬಾಯಿ ತೆರೆಯುವ ಮೊದಲೇ ಅವರು ಮೂಲೆಯ ಪರದೆ ಸರಿಸಿದರು. ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ಯಾರೋ ಮಲಗಿದ್ದರು.

"ಇದು ಹೊಸ ಕೇಸಾ? ಯಾವಾಗ ಅಡ್ಮಿಟ್ ಆದ್ರು? ಕೇಸ್ ಶೀಟ್ ಎಲ್ಲಿ?"

ಕಿರಿಯ ನರ್ಸು ಬಗ್ಗಿ ನೋಡಿ ತಡವರಿಸಿದಳು. "ಸರ್, ಇದು... ನಮ್ಮ ಸಿಸ್ಟರಮ್ಮ ಸರ್."

ಡಾಕ್ಟರು ಒಂದು ಹೆಜ್ಜೆ ಮುಂದೆ ಹೋಗಿ ಇಣುಕಿದರು. ಅವಳ ಬಾಯಿ ತುಸು ತೆರೆದಿತ್ತು, ಕೈ ದಿಂಬಿನ ಕೆಳಗೆ ಹೋಗಿತ್ತು.

"ಮನೇಲಿ ಪರದೆ ಹಾಕ್ಸಿ ಅಂದ್ರೆ ಇವರು ಇಲ್ಲೇ ಹಾಕಿಸ್ಕೊಂಡ್ರಾ?" ಎಂದು ಮೆಲ್ಲಗೆ ಗೊಣಗಿ, ಸರಿಸಿದ ಪರದೆಯನ್ನು ತಾವೇ ಮೊದಲಿನಂತೆ ಮುಚ್ಚಿದರು.

ಅವಳಿಗೆ ಎಚ್ಚರವಾದಾಗ ದೀಪ ಹತ್ತಿತ್ತು. ವಿಷಯ ತಿಳಿದು ಭೂಮಿ ಬಾಯಿಬಿಡಬಾರದೇ ಅನಿಸಿತು. ಡ್ಯೂಟಿಯಲ್ಲಿ ಮಲಗಿದ ಎಷ್ಟೋ ಹುಡುಗಿಯರಿಗೆ ತಾನೇ ಛೀಮಾರಿ ಹಾಕಿದ್ದಳು. ಮೇಟ್ರನ್ನರು ಕರೆಸಿ, "ನೀವಾಗಿದ್ದಕ್ಕೆ ಬರವಣಿಗೆಯಲ್ಲಿ ಕಾರಣ ಕೇಳ್ತಾ ಇಲ್ಲ. ಇನ್ನೊಂದ್ಸಲ ಹೀಗಾಗ್ಬಾರ್ದು," ಎಂದರು. ಅವಳು ತಲೆ ತಗ್ಗಿಸಿ ನಿಂತಳು. ಆದರೆ ತಗ್ಗಿಸಿದ ಆ ತಲೆ ತಿಂಗಳುಗಳಿಂದ ಇಲ್ಲದಷ್ಟು ಹಗುರವಾಗಿತ್ತು, ಕಣ್ಣುರಿ ಇರಲಿಲ್ಲ, ಹೊಟ್ಟೆ ಚೆನ್ನಾಗಿ ಹಸಿದಿತ್ತು. ನಾಚಿಕೆಪಡುತ್ತಿರುವುದೋ ಖುಷಿಪಡುತ್ತಿರುವುದೋ ಅವಳಿಗೇ ಬಗೆಹರಿಯದೆ, "ಆಯ್ತು ಮೇಡಂ," ಎನ್ನುವಾಗ ನಗು ಬಂದುಬಿಟ್ಟಿತು. ಅದಕ್ಕೂ ಬೈಸಿಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಯ ಮುಂದೆ ಇಳಿದಳು. ಮಾಲೀಕ ಶಟರು ಎಳೆಯುವುದರಲ್ಲಿದ್ದ. ಅವಳನ್ನು ಕಂಡು ಅವನ ಕೈ ಅಲ್ಲೇ ನಿಂತಿತು.

"ನೀಲಿ ಕೊಡಿ. ಕಿಟಕಿಯ ಎರಡರಷ್ಟು ಅಗಲ, ನೆರಿಗೆ ಬರೋ ಹಾಗೆ. ಹೊಲಿಸೇ ಕೊಡಿ."

"ಮತ್ತೆ ಬದಲಾಯಿಸಲ್ಲ ತಾನೆ ಮೇಡಂ?"

"ಗೊತ್ತಿಲ್ಲಪ್ಪ. ಹೊಲಿಸಿ ಮೊದಲು."

ಪರದೆ ಬಂದ ದಿನ ಗಂಡ ರಸಮಟ್ಟ ಇಟ್ಟು ಕಂಬಿ ಕೂರಿಸಿದ. ಲಿಫ್ಟಿನ ಬಾಗಿಲಿಗೆ ಮಾಡುವಷ್ಟೇ ನಿಷ್ಠೆಯಿಂದ ಕೂದಲೆಳೆ ಏರುಪೇರಿಲ್ಲದಂತೆ ನೋಡಿದ. ನೀಲಿ ಬಟ್ಟೆ ಸರಾಗವಾಗಿ ಇಳಿಯಿತು. ಅವಳು ಮಂಚದ ಮೇಲೆ ಮಲಗಿದಳು.

"ಈಗ ಪರದೆ ಎಳೆದು ನೀವು ಆಚೆ ಹೋಗಿ."

"ನಾನ್ಯಾಕೇ ಆಚೆ ಹೋಗ್ಲಿ? ಇದು ನನ್ನ ಕೋಣೆನೂ ಅಲ್ವಾ?"

"ಸ್ವಲ್ಪ ಹೊತ್ತು ರೀ. ಹೋಗಿ ಬಾಗಿಲ ಹತ್ರ ಕೂತ್ಕೊಳ್ಳಿ. ಯಾರಾದ್ರೂ ಕರೆದ್ರೆ ನೀವೇ ಹೋಗಿ ನೋಡಿ. ಅತ್ತೆ ಕರೆದ್ರೂ ಸರಿ, ಬೀದಿಯವರು ಬಂದ್ರೂ ಸರಿ."

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಕುರ್ಚಿ ತಂದು ಬಾಗಿಲ ಹೊರಗೆ ಹಾಕಿಕೊಂಡು, ಲಿಫ್ಟಿನ ಯಾವುದೋ ಸ್ವಿಚ್ಚು ಬಿಚ್ಚಿ ತಿಕ್ಕುತ್ತ ಕೂತ. ಎದುರುಮನೆಯ ಮುದುಕ ಬಂದು, "ಸಿಸ್ಟರಮ್ಮಾ, ಬಿ.ಪಿ. ನೋಡ್ತೀರಾ?" ಎಂದು ಕೂಗಿದಾಗ, "ಮಲಗಿದಾಳೆ, ಬೆಳಿಗ್ಗೆ ಬನ್ನಿ," ಎಂದ. ಆ ಮಾತನ್ನು ಆ ಮನೆಯ ಹೊಸ್ತಿಲಲ್ಲಿ ಯಾರೂ ಹಿಂದೆ ಆಡಿರಲಿಲ್ಲ. ಮುದುಕ ನಂಬದೆ ಒಳಗೆ ಕತ್ತು ಚಾಚಿ ನೋಡಿ ಹೊರಟುಹೋದ. ಗಂಡ ತಿರುಗಿ ಇಣುಕಿದ. ಅವಳು ನಿಜಕ್ಕೂ ಮಲಗಿದ್ದಳು.

ಹಾಗೆಂದು ದಿನವೂ ನಿದ್ದೆ ಬಂತು ಎಂದಲ್ಲ. ಕೆಲವು ದಿನ ಬಂತು, ಕೆಲವು ದಿನ ಬರಲಿಲ್ಲ. ನಿದ್ದೆ ತಂದದ್ದು ಬಣ್ಣವೋ, ಬಾಗಿಲ ಬಳಿಯ ಕುರ್ಚಿಯೋ, ಅಥವಾ ಮೈ ನಿಧಾನಕ್ಕೆ ಹಗಲಿನ ಪಾಳಿಗೆ ಹೊಂದಿಕೊಂಡಿತೋ ಅವಳು ಕೊನೆವರೆಗೂ ತೀರ್ಮಾನ ಮಾಡಲಾರದೆ ಹೋದಳು. ಆ ನೀಲಿ ನಿನಗೆ ಇಷ್ಟವಾ ಎಂದು ಮಗಳು ಫೋನಿನಲ್ಲಿ ಕೇಳಿದರೆ, "ಇರ್ಬೇಕು ಕಣೇ," ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಬೇಗ ಬಿಡುವಾಗಿ ಮನೆಗೆ ಬಂದರೆ ಕೋಣೆಯಲ್ಲಿ ಪರದೆ ಎಳೆದಿತ್ತು. ಮಂಚದ ಮಧ್ಯಕ್ಕೆ ಅತ್ತೆ ಮೊಣಕಾಲು ಮಡಚಿ ಮಲಗಿದ್ದರು, ಕನ್ನಡಕ ಎದೆಯ ಮೇಲಿತ್ತು. ಸಿಸ್ಟರಮ್ಮ ಕನ್ನಡಕ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬಾಗಿಲವರೆಗೆ ಹೋದವಳು ಅಡುಗೆಮನೆಗೆ ಹೋಗಲೋ ಬೇಡವೋ ಎಂದು ನಿಂತಳು. ಆಮೇಲೆ ಹಿಂದೆ ಬಂದು ಮಂಚದ ಅಂಚಿನಲ್ಲಿ ಕೂತು, "ಅತ್ತೆ, ಒಂಚೂರು ಸರ್ಕೊಳ್ಳಿ," ಎಂದಳು. ಅತ್ತೆ ಕಣ್ಣು ಬಿಡದೆ ಗೋಡೆಯ ಕಡೆಗೆ ಸರಿದು ಜಾಗ ಮಾಡಿದರು.